ಪರದೇಶದಲ್ಲಿ ಓದುವ ವಿದ್ಯಾರ್ಥಿಯೂ ಕಾಲದ ವಿನಿಯೋಗವೂ

ಉನ್ನತ ವ್ಯಾಸಂಗಕ್ಕಾಗಿ ಪರದೇಶಗಳಿಗೆ ತೆರಳುವ ನಮ್ಮ ವಿದ್ಯಾರ್ಥಿಗಳು ಹೊರಡುವ ಮುನ್ನ ಅಧ್ಯಾಪಕರಲ್ಲಿಗೆ ಬಂದು ಅನೇಕ ವಿಷಯಗಳನ್ನು ವಿಚಾರಿಸುವುದುಂಟು. ಪ್ರವೇಶದ ಅರ್ಜಿ, ಶಿಫಾರಸು ಪತ್ರ, ಬ್ಯಾಂಕಿನ ಸಾಲ, ವೀಸಾ, ಚಳಿಗೆ ತಕ್ಕ ಉಡುಪು ಇವೆಲ್ಲವನ್ನೂ ಕುರಿತು ಅವರು ಕೇಳುತ್ತಾರೆ. ಆದರೆ ಅಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಹಂಚಿಕೊಳ್ಳಬೇಕೆಂದು ಕೇಳಿದವರನ್ನು ನಾವು ಕಂಡಿಲ್ಲ. ಇದು ಕೇಳತಕ್ಕ ಪ್ರಶ್ನೆಯೆಂದೇ ಯಾರಿಗೂ ತೋರುವುದಿಲ್ಲ. ಕಾಲವು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲವೆ ಎಂಬ ಭಾವನೆ ಸಾಮಾನ್ಯವಾದುದು. ಆದರೂ ಹೋದ ಮೊದಲ ಆರು ತಿಂಗಳುಗಳಲ್ಲಿ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಈ ಕೇಳದೆ ಉಳಿದ ಪ್ರಶ್ನೆಯೇ ಎಂಬುದು ಅವರ ಪತ್ರಗಳಿಂದಲೂ ಹಿಂದಿರುಗಿದವರ ಮಾತುಗಳಿಂದಲೂ ನಮಗೆ ತಿಳಿದುಬಂದಿದೆ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಲ್ಲದ ವಿದ್ಯಾರ್ಥಿ ವಿದ್ಯಾರ್ಥಿನಿಯರು ಅಲ್ಲಿ ಎಡವುವುದು ವಿಷಯದ ಕಾಠಿಣ್ಯದಿಂದಲ್ಲ, ಬಹುಮಟ್ಟಿಗೆ ಕಾಲದ ಲೆಕ್ಕ ತಪ್ಪುವುದರಿಂದ. ಆ ಲೆಕ್ಕದ ಸ್ವರೂಪವೇನು, ಅದು ಏಕೆ ತಪ್ಪುತ್ತದೆ, ಅದನ್ನು ಹೇಗೆ ಕಲಿಯಬಹುದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ. ಹೆಚ್ಚಿನ ಉದಾಹರಣೆಗಳನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಂದಲೂ, ಹೋಲಿಕೆಗೆ ಬೇಕಾದೆಡೆಗಳಲ್ಲಿ ಬ್ರಿಟನ್ ಮತ್ತು ಜರ್ಮನಿಗಳಿಂದಲೂ ತೆಗೆದುಕೊಂಡಿದ್ದೇವೆ.

೧. ಹೊತ್ತು ಮತ್ತು ವೇಳೆ

ನಮ್ಮ ಭಾಷೆಯಲ್ಲಿ ಕಾಲವನ್ನು ಸೂಚಿಸುವ ಎರಡು ಪದಗಳನ್ನು ಇಲ್ಲಿ ನೆನೆಯುವುದು ಅನುಚಿತವಾಗಲಾರದು. ‘ಹೊತ್ತು’ ಎಂಬುದು ಅಚ್ಚಗನ್ನಡದ ಮಾತು. ‘ಹೊತ್ತು ಮೂಡಿತು’, ‘ಹೊತ್ತು ಮುಳುಗಿತು’ ಎನ್ನುವಾಗ ಅದು ಸೂರ್ಯನನ್ನೇ ಹೇಳುತ್ತದೆ. ‘ವೇಳೆ’ ಎಂಬುದು ಸಂಸ್ಕೃತದಿಂದ ಬಂದುದು. ಅಲ್ಲಿ ಅದಕ್ಕೆ ಎಲ್ಲೆ, ಸಮುದ್ರದ ದಡ ಎಂಬ ಅರ್ಥಗಳೂ ಉಂಟು. ಹೊತ್ತು ಆಕಾಶದಲ್ಲಿ ತಾನಾಗಿ ಸಾಗುವಂಥದು. ವೇಳೆ ಮನುಷ್ಯನು ಹಾಕಿಕೊಂಡ ಮೇರೆ. ನಮ್ಮ ಬಾಲ್ಯವೆಲ್ಲ ಹೊತ್ತಿನ ಆಳ್ವಿಕೆಯಲ್ಲಿ ಕಳೆಯುತ್ತದೆ. ಬೆಳಗಾದರೆ ತಾಯಿ ಎಬ್ಬಿಸುತ್ತಾಳೆ. ಊಟದ ಹೊತ್ತಿಗೆ ಊಟ ಸಿದ್ಧವಾಗಿರುತ್ತದೆ. ಪರೀಕ್ಷೆ ಸಮೀಪಿಸಿದಾಗ ಮನೆಗೆ ಮನೆಯೇ ಮೌನವಾಗಿ ಓದಲು ಅವಕಾಶ ಮಾಡಿಕೊಡುತ್ತದೆ. ವಿದ್ಯಾರ್ಥಿಯ ಕಾಲವನ್ನು ವಿದ್ಯಾರ್ಥಿಯಲ್ಲದೆ ಮಿಕ್ಕ ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೂ ಸಲ್ಲುತ್ತದೆ. ಇದು ದೋಷವೆಂದು ನಾವು ಹೇಳುತ್ತಿಲ್ಲ. ಆದರೆ ಈ ಏರ್ಪಾಟು ಒಂದೇ ದಿನದ ವಿಮಾನಯಾನದಲ್ಲಿ ಕೊನೆಗೊಳ್ಳುತ್ತದೆಂಬುದನ್ನು ಮರೆಯುವಂತಿಲ್ಲ.

ಅಲ್ಲಿ ಹೊತ್ತಿನ ನೆರವು ಅಕ್ಷರಶಃ ಕೈಬಿಡುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಬರ್ಲಿನ್ ನಗರದಲ್ಲಿ ಈ ಅಂತರ ಒಂಬತ್ತು ಗಂಟೆಗೂ ಮಿಕ್ಕಿದೆ. ಡಿಸೆಂಬರಿನಲ್ಲಿ ಅಲ್ಲಿ ಸಾಯಂಕಾಲ ನಾಲ್ಕು ಹೊಡೆಯುವುದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಕತ್ತಲಾದರೆ ಮನೆ ಸೇರಬೇಕು, ಬೆಳಕಿರುವ ತನಕ ತಿರುಗಾಡಬಹುದು ಎಂಬ ಅಭ್ಯಾಸವುಳ್ಳ ದೇಹಕ್ಕೆ ಇದು ದೊಡ್ಡ ಗೊಂದಲ. ನಡುಹಗಲಿನ ಉಪನ್ಯಾಸ ಮುಗಿಸಿ ಹೊರಬರುವಷ್ಟರಲ್ಲಿ ದಿನ ಮುಗಿಯಿತೆಂಬ ಭಾವನೆ ಉಂಟಾಗುತ್ತದೆ. ವಾಸ್ತವದಲ್ಲಿ ಓದಿಗೆ ಇನ್ನೂ ಆರು ಗಂಟೆಗಳು ಉಳಿದಿರುತ್ತವೆ. ಆದಕಾರಣ ಪರದೇಶದ ವಿದ್ಯಾರ್ಥಿ ಹೊತ್ತನ್ನು ಬಿಟ್ಟು ವೇಳೆಯನ್ನು ಹಿಡಿಯಬೇಕಾಗುತ್ತದೆ. ತನ್ನ ದಿನದ ಎಲ್ಲೆಗಳನ್ನು ತಾನೇ ಗೊತ್ತುಮಾಡಿಕೊಳ್ಳುವುದು ಅವನ ಮೊದಲನೆಯ ಪಾಠ.

೨. ಗಂಟೆಯ ಲೆಕ್ಕದ ವಿದ್ಯೆ

ಎರಡನೆಯದಾಗಿ, ಅಲ್ಲಿಯ ವಿದ್ಯಾಭ್ಯಾಸವು ಗಂಟೆಗಳಲ್ಲಿ ಅಳೆಯಲ್ಪಡುತ್ತದೆಂಬುದನ್ನು ಗಮನಿಸಬೇಕು. ‘ಕ್ರೆಡಿಟ್’ ಎಂಬ ಮಾತು ಈಗ ನಮ್ಮ ದೇಶಕ್ಕೂ ಹೊಸದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೫ರಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ಜಾರಿಗೆ ತಂದಿತು. ಆದರೆ ಆ ಅಳತೆಯ ಮೂಲ ಯಾವುದೆಂಬುದು ಎಲ್ಲರಿಗೂ ತಿಳಿದಂತಿಲ್ಲ. ೧೯೦೫ರಲ್ಲಿ ಆಂಡ್ರೂ ಕಾರ್ನೆಗಿ ಎಂಬ ಉಕ್ಕಿನ ಉದ್ಯಮಿ ಅಮೆರಿಕದ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕಾಗಿ ಒಂದು ಕೋಟಿ ಡಾಲರುಗಳ ನಿಧಿಯನ್ನು ಕೊಟ್ಟನು. ಯಾವ ಸಂಸ್ಥೆಯನ್ನು ಕಾಲೇಜೆಂದು ಪರಿಗಣಿಸಿ ಈ ವೇತನ ಕೊಡಬೇಕೆಂಬ ಪ್ರಶ್ನೆ ಆಗ ತಲೆದೋರಿತು. ಪ್ರವೇಶಕ್ಕೆ ಬರುವ ವಿದ್ಯಾರ್ಥಿ ಪ್ರೌಢಶಾಲೆಯಲ್ಲಿ ಇಂತಿಷ್ಟು ಗಂಟೆಗಳ ಪಾಠ ಕೇಳಿರಬೇಕೆಂಬ ಮಾನದಂಡ ಹೀಗೆ ಬಳಕೆಗೆ ಬಂದಿತು. ೧೯೧೦ರಲ್ಲಿ ಮಾರಿಸ್ ಕುಕ್ ಎಂಬ ಎಂಜಿನಿಯರು ಅದೇ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಕಾರ್ಖಾನೆಯ ಉತ್ಪಾದನೆಯನ್ನು ಅಳೆಯುವಂತೆ ಕಾಲೇಜಿನ ಬೋಧನೆಯನ್ನೂ ‘ವಿದ್ಯಾರ್ಥಿ-ಗಂಟೆ’ಯಿಂದ ಅಳೆಯಬಹುದೆಂದು ಸೂಚಿಸಿದನು. ಅಧ್ಯಾಪಕರ ಪಿಂಚಣಿಯ ಲೆಕ್ಕದಿಂದ ಹುಟ್ಟಿದ ಅಳತೆಯೊಂದು ಹೀಗೆ ಇಂದು ವಿದ್ಯಾರ್ಥಿಯ ನಿದ್ರೆಯವರೆಗೂ ಬಂದು ಮುಟ್ಟಿದೆ.

ಅಮೆರಿಕದ ಕೇಂದ್ರ ಸರ್ಕಾರ ೨೦೧೦ರಲ್ಲಿ ಪ್ರಕಟಿಸಿ ಮರುವರ್ಷ ಜಾರಿಗೆ ತಂದ ನಿರೂಪಣೆಯ ಪ್ರಕಾರ, ಒಂದು ಕ್ರೆಡಿಟ್ ಎಂದರೆ ಸುಮಾರು ಹದಿನೈದು ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ತರಗತಿಯ ಹೊರಗೆ ಕಡಿಮೆಯೆಂದರೆ ಎರಡು ಗಂಟೆಗಳ ಕೆಲಸ. ಬ್ರಿಟನ್ನಿನಲ್ಲಿ ಒಂದು ಕ್ರೆಡಿಟ್ಟಿಗೆ ಹತ್ತು ಗಂಟೆಗಳ ಅಭ್ಯಾಸವೆಂದು ಲೆಕ್ಕ. ಪದವಿ ತರಗತಿಯ ಒಂದು ವರ್ಷಕ್ಕೆ ೧೨೦ ಕ್ರೆಡಿಟ್ಟುಗಳು, ಅಂದರೆ ೧,೨೦೦ ಗಂಟೆಗಳು. ಜರ್ಮನಿಯಲ್ಲಿ ಒಂದು ಕ್ರೆಡಿಟ್ಟಿಗೆ ಮೂವತ್ತು ಗಂಟೆಗಳಂತೆ ವರ್ಷಕ್ಕೆ ೬೦ ಕ್ರೆಡಿಟ್ಟುಗಳು, ಒಟ್ಟು ೧,೮೦೦ ಗಂಟೆಗಳು. ಈ ಮೂರು ಪದ್ಧತಿಗಳಲ್ಲಿಯೂ ಸಮಾನವಾದ ಅಂಶವೊಂದಿದೆ. ಕಣ್ಣಿಗೆ ಕಾಣುವ ಉಪನ್ಯಾಸದ ಗಂಟೆಗಳು ಕಡಿಮೆ. ಕಾಣದಿರುವ ಸ್ವಂತ ಅಭ್ಯಾಸದ ಗಂಟೆಗಳು ಹೆಚ್ಚು. ಬೆಳಗಿನಿಂದ ಸಂಜೆಯವರೆಗೆ ತರಗತಿಯಲ್ಲಿ ಕುಳಿತು ಅಭ್ಯಾಸವಾದ ನಮ್ಮ ವಿದ್ಯಾರ್ಥಿ, ಅಲ್ಲಿಯ ವೇಳಾಪಟ್ಟಿಯಲ್ಲಿ ದಿನಕ್ಕೆ ಎರಡು ಮೂರು ಗಂಟೆಗಳ ಪಾಠವನ್ನು ಮಾತ್ರ ಕಂಡು, ‘ಇಲ್ಲಿ ಬಿಡುವು ಬಹಳ’ ಎಂದು ಮನೆಗೆ ಬರೆಯುತ್ತಾನೆ. ಅವನು ಬಿಡುವೆಂದು ತಿಳಿದದ್ದು ಬಿಡುವಲ್ಲ; ಅದು ಹೆಸರು ಬರೆಯದೆ ಬಿಟ್ಟ ಕೆಲಸ.

ಕೆಲಸದ ಹಂಚಿಕೆಯಲ್ಲಿಯೂ ವ್ಯತ್ಯಾಸವಿದೆ. ನಮ್ಮಲ್ಲಿ ಬಹುಪಾಲು ಅಂಕಗಳು ಇಂದಿಗೂ ಕೊನೆಯ ಪರೀಕ್ಷೆಗೆ ಸಲ್ಲುವುದರಿಂದ, ಕೊನೆಯ ಮೂರು ವಾರಗಳ ಜಾಗರಣೆಯಿಂದ ಹಿಂದಿನದನ್ನೆಲ್ಲ ತುಂಬಿಕೊಳ್ಳಬಹುದೆಂಬ ಧೈರ್ಯ ನಮಗುಂಟು. ಅಮೆರಿಕದಲ್ಲಿ ವಾರವಾರದ ಲೆಕ್ಕಗಳು, ಕಿರುಪರೀಕ್ಷೆಗಳು, ಪ್ರಬಂಧಗಳು, ನಡುವಣ ಪರೀಕ್ಷೆ ಎಲ್ಲವೂ ಸೇರಿ ಶ್ರೇಣಿ ನಿರ್ಧಾರವಾಗುತ್ತದೆ. ಅಲ್ಲಿ ಸೆಪ್ಟೆಂಬರಿನಲ್ಲಿ ಕಳೆದುಕೊಂಡದ್ದು ಡಿಸೆಂಬರಿನಲ್ಲಿ ಸಿಕ್ಕುವುದಿಲ್ಲ. ಜರ್ಮನಿಯಲ್ಲಾದರೋ ಅನೇಕ ವಿಷಯಗಳಲ್ಲಿ ಅವಧಿಯ ಕೊನೆಯ ಪರೀಕ್ಷೆಯೇ ಮುಖ್ಯ. ಅದು ನಮ್ಮ ಪದ್ಧತಿಗೆ ಹತ್ತಿರವಾಗಿ ಕಂಡರೂ, ಯಾರೂ ಹಾಜರಿ ಕೇಳದ, ಯಾರೂ ಎಚ್ಚರಿಸದ ನಾಲ್ಕು ತಿಂಗಳುಗಳು ಅದಕ್ಕೆ ಮೊದಲು ಬರುತ್ತವೆ.

೩. ವಾರದ ಜಮಾಖರ್ಚು

ಈಗ ಒಂದು ವಾರದ ಲೆಕ್ಕವನ್ನು ಬರೆದು ನೋಡೋಣ. ವಾರಕ್ಕೆ ೧೬೮ ಗಂಟೆಗಳು, ಇದು ಜಮೆ. ಖರ್ಚಿನ ಕಡೆ, ದಿನಕ್ಕೆ ಎಂಟು ಗಂಟೆಗಳ ನಿದ್ರೆಯಂತೆ ೫೬. ಪದವಿ ತರಗತಿಯ ವಿದ್ಯಾರ್ಥಿ ಹದಿನೈದು ಕ್ರೆಡಿಟ್ ತೆಗೆದುಕೊಂಡರೆ ತರಗತಿಗೆ ೧೫, ಸ್ವಂತ ಅಭ್ಯಾಸಕ್ಕೆ ೩೦, ಒಟ್ಟು ೪೫. ಕಾಲೇಜಿನ ಗ್ರಂಥಾಲಯದಲ್ಲಿಯೋ ಭೋಜನಶಾಲೆಯಲ್ಲಿಯೋ ನಿಯಮ ಅನುಮತಿಸುವಷ್ಟೂ ದುಡಿದರೆ ೨೦. ಈ ಮೂರೂ ಕೂಡಿ ೧೨೧. ಉಳಿದದ್ದು ೪೭ ಗಂಟೆ. ದಿನವೊಂದಕ್ಕೆ ಸುಮಾರು ಆರು ಮುಕ್ಕಾಲು ಗಂಟೆ. ಸ್ನಾನ, ಅಡುಗೆ, ಊಟ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ದಿನಸಿ ತರುವುದು, ಬಸ್ಸಿಗಾಗಿ ಕಾಯುವುದು, ಮನೆಯವರೊಡನೆ ಮಾತು, ಗೆಳೆಯರ ಸಹವಾಸ, ಕಾಯಿಲೆ, ಬೇಸರ ಎಲ್ಲವೂ ಇದರಲ್ಲಿಯೇ ಅಡಕವಾಗಬೇಕು. ಅಸಾಧ್ಯವೇನೂ ಅಲ್ಲ, ಆದರೆ ಕಣ್ಣುಮುಚ್ಚಿ ಖರ್ಚುಮಾಡುವಷ್ಟು ಸಿರಿಯೂ ಅಲ್ಲ.

ಈ ಲೆಕ್ಕದಲ್ಲಿ ಅಡಗಿರುವ ಒಂದು ದೋಷವನ್ನು ಹೇಳದಿರಲಾಗದು. ಒಂದು ಗಂಟೆಯ ತರಗತಿಗೆ ಎರಡು ಗಂಟೆಗಳ ಓದು ಸಾಕೆಂಬುದು ಆ ಭಾಷೆಯಲ್ಲಿಯೇ ಹುಟ್ಟಿ ಬೆಳೆದವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಂದಾಜು. ಮೂರು ಕ್ರೆಡಿಟ್ಟಿನ ಚರಿತ್ರೆಯ ಪಾಠಕ್ಕೆ ವಾರಕ್ಕೆ ೯೦ ಪುಟಗಳನ್ನು ಓದಲು ಹೇಳಿದ್ದಾರೆಂದು ಭಾವಿಸೋಣ. ಗಂಟೆಗೆ ೨೦ ಪುಟ ಓದಬಲ್ಲವನಿಗೆ ಅದು ನಾಲ್ಕೂವರೆ ಗಂಟೆಗಳ ಕೆಲಸ. ನಿಗದಿಯಾದ ಆರು ಗಂಟೆಗಳಲ್ಲಿ ಅವನಿಗೆ ಟಿಪ್ಪಣಿ ಮಾಡಲೂ ಕಾಲ ಉಳಿಯುತ್ತದೆ. ಗಂಟೆಗೆ ೧೨ ಪುಟ ಓದುವವನಿಗೆ ಏಳೂವರೆ ಗಂಟೆ ಬೇಕು. ಆದುದರಿಂದ ಮೊದಲನೆಯ ವಾರದಲ್ಲಿಯೇ ಪ್ರತಿಯೊಂದು ವಿಷಯದ ಹತ್ತು ಪುಟಗಳನ್ನು ಗಡಿಯಾರವನ್ನು ಮುಂದಿಟ್ಟುಕೊಂಡು ಓದಿ, ತನ್ನ ವೇಗವೆಷ್ಟೆಂದು ಬರೆದಿಟ್ಟುಕೊಳ್ಳುವುದು ಉತ್ತಮ. ಇತರರ ಅಳತೆಯಿಂದ ತನ್ನ ಬಟ್ಟೆಯನ್ನು ಹೊಲಿಸಿಕೊಂಡವನು ಮೈ ದಪ್ಪವೆಂದು ಮರುಗುವುದು ಸರಿಯಲ್ಲ. ನಿಧಾನವಾಗಿ ಓದುವುದು ಅಪರಾಧವಲ್ಲ. ನಿಧಾನವೆಂದು ತಿಳಿಯದೆ ಇರುವುದು ಮಾತ್ರ ಅಪಾಯ.

೪. ಅಂದಾಜಿನ ಭ್ರಮೆ

ಇಷ್ಟು ಲೆಕ್ಕ ತಿಳಿದವರೂ ತಪ್ಪುವುದೇಕೆ? ಇದಕ್ಕೆ ಮನೋವಿಜ್ಞಾನವು ಒಂದು ಉತ್ತರವನ್ನು ಕೊಡುತ್ತದೆ. ಮನುಷ್ಯನು ತಾನು ಮಾಡಬೇಕಾದ ಕೆಲಸಕ್ಕೆ ಬೇಕಾಗುವ ಕಾಲವನ್ನು ಸಾಮಾನ್ಯವಾಗಿ ಕಡಿಮೆಯೆಂದೇ ಎಣಿಸುತ್ತಾನೆ. ಹಿಂದೆ ಅಂಥದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೆಂಬುದು ನೆನಪಿದ್ದರೂ ಈ ತಪ್ಪು ನಿಲ್ಲುವುದಿಲ್ಲ. ೧೯೭೯ರಲ್ಲಿ ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ವಿದ್ವಾಂಸರು ಇದಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಯೋಜನೆಯ ಭ್ರಮೆ’ ಎನ್ನಬಹುದು. ೧೯೯೪ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕೇಲ್ ರಾಸ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಪದವಿಯ ಕೊನೆಯ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಅದು ಎಂದು ಮುಗಿಯುವುದೆಂದು ಕೇಳಲಾಯಿತು. ಅವರ ಅಂದಾಜಿನ ಸರಾಸರಿ ೩೩.೯ ದಿನಗಳು, ನಿಜವಾಗಿ ಹಿಡಿದದ್ದು ಸರಾಸರಿ ೫೫.೫ ದಿನಗಳು. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಷ್ಟು ದಿನ ಹಿಡಿದೀತೆಂದು ಕೇಳಿದಾಗ ಅವರು ಕೊಟ್ಟ ಉತ್ತರವಾದರೂ ೪೮.೬ ದಿನಗಳಾಗಿದ್ದಿತು. ಅಂದರೆ ಅವರ ಅತ್ಯಂತ ನಿರಾಶೆಯ ಕಲ್ಪನೆಯೂ ವಾಸ್ತವಕ್ಕಿಂತ ಒಂದು ವಾರ ಮುಂದಾಗಿಯೇ ಇದ್ದಿತು.

ಗಮನಿಸಬೇಕಾದ ಸಂಗತಿಯೆಂದರೆ, ಇವರು ತಮ್ಮ ದೇಶದಲ್ಲಿ, ತಾವು ಬಲ್ಲ ಪದ್ಧತಿಯಲ್ಲಿ ಓದುತ್ತಿದ್ದವರು. ಈ ಭ್ರಮೆಗೆ ಮದ್ದೆಂದರೆ ತನ್ನ ಹಿಂದಿನ ಅನುಭವವನ್ನು ಪ್ರಯತ್ನಪೂರ್ವಕವಾಗಿ ಮುಂದಿಟ್ಟುಕೊಂಡು ಅಂದಾಜು ಮಾಡುವುದು. ಆದರೆ ಪರದೇಶಕ್ಕೆ ಹೊಸದಾಗಿ ಬಂದವನಿಗೆ ಅಲ್ಲಿಯ ಕೆಲಸದ ಹಿಂದಿನ ಅನುಭವವೆಂಬುದೇ ಇಲ್ಲ. ಹತ್ತು ಪುಟಗಳ ಪ್ರಬಂಧವನ್ನು ಅವನು ಎಂದೂ ಬರೆದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದಕ್ಕೆ, ಆಧಾರಗಳನ್ನು ಸೂಚಿಸುವ ಕ್ರಮವನ್ನು ಕಲಿಯುವುದಕ್ಕೆ ಎಷ್ಟು ಕಾಲ ಬೇಕೆಂದು ಅವನಿಗೆ ತಿಳಿಯದು. ಮದ್ದು ಎಲ್ಲಕ್ಕಿಂತ ಹೆಚ್ಚು ಬೇಕಾದವನಿಗೇ ಅದು ಇಲ್ಲ. ಮೊದಲನೆಯ ಸೆಮೆಸ್ಟರ್ ಅಪಾಯಕರವಾಗಿರುವುದು ಈ ಕಾರಣದಿಂದ. ಹೀಗಿರುವಲ್ಲಿ ಒಂದು ಸರಳ ಸೂತ್ರವನ್ನು ನಾವು ಸಲಹೆ ಮಾಡುತ್ತೇವೆ: ಮೊದಲ ಆರು ತಿಂಗಳು ಪ್ರತಿಯೊಂದು ಕೆಲಸಕ್ಕೂ ಮನಸ್ಸು ಹೇಳಿದ ಕಾಲಕ್ಕೆ ಅದರ ಅರ್ಧದಷ್ಟನ್ನು ಸೇರಿಸಬೇಕು, ಕೆಲಸ ಮುಗಿದ ಮೇಲೆ ನಿಜವಾಗಿ ಹಿಡಿದ ಕಾಲವನ್ನು ಅದರ ಪಕ್ಕದಲ್ಲಿ ಬರೆಯಬೇಕು. ಹೀಗೆ ಬರೆದ ಎರಡು ಹಾಳೆಗಳೇ ಎರಡನೆಯ ಸೆಮೆಸ್ಟರಿಗೆ ಅನುಭವದ ಬಂಡವಾಳವಾಗುತ್ತವೆ.

೫. ಎರಡು ಗಡಿಯಾರಗಳು

ಪರದೇಶದ ವಿದ್ಯಾರ್ಥಿಗೆ ಮಾತ್ರ ಇರುವ ತೊಡಕೊಂದುಂಟು. ಅವನು ಎರಡು ಗಡಿಯಾರಗಳನ್ನು ಒಟ್ಟಿಗೆ ನೋಡಿಕೊಂಡು ಬಾಳಬೇಕು. ಭಾರತದ ಕಾಲಮಾನವು ಪೂರ್ವ ರೇಖಾಂಶ ೮೨.೫ ಡಿಗ್ರಿಯನ್ನು ಅನುಸರಿಸಿ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿದೆ. ಅದು ವರ್ಷವೆಲ್ಲ ಒಂದೇ. ಅಮೆರಿಕದ ಬಹುಭಾಗದಲ್ಲಿಯಾದರೋ ೨೦೦೭ರಿಂದೀಚೆಗೆ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲನೆಯ ಭಾನುವಾರ ಹಿಂದಿಡುತ್ತಾರೆ. ಯೂರೋಪಿನಲ್ಲಿ ಇದೇ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರಗಳಲ್ಲಿ ನಡೆಯುತ್ತದೆ. ಆದುದರಿಂದ ನ್ಯೂಯಾರ್ಕಿಗೂ ಬೆಂಗಳೂರಿಗೂ ಬೇಸಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ.

ಈ ಒಂದು ಗಂಟೆಯ ಬೆಲೆ ನಮಗೆ ತಿಳಿದದ್ದು ನಾವು ಅಮೆರಿಕದ ಪೂರ್ವ ತೀರದಲ್ಲಿ ಓದುತ್ತಿದ್ದಾಗ. ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ ಮನೆಗೆ ದೂರವಾಣಿ ಮಾಡುವ ಅಭ್ಯಾಸವಿದ್ದಿತು. ಊರಿನಲ್ಲಿ ಆಗ ಭಾನುವಾರದ ಬೆಳಗಿನ ಆರು ಗಂಟೆ. ನವೆಂಬರಿನಲ್ಲಿ ಗಡಿಯಾರ ಹಿಂದೆ ಸರಿಯಿತು. ಮಾರನೆಯ ಶನಿವಾರ ನಾವು ಎಂದಿನಂತೆ ಎಂಟೂವರೆಗೆ ಮಾತನಾಡಿಸಿದೆವು. ಅಲ್ಲಿ ಏಳು ಗಂಟೆಯಾಗಿದ್ದಿತು. ತಾಯಿಯವರು ಆರರಿಂದ ಏಳರವರೆಗೆ ಫೋನಿನ ಪಕ್ಕದಲ್ಲಿಯೇ ಕುಳಿತಿದ್ದರೆಂದೂ, ಕಾಫಿಯನ್ನೂ ಮುಟ್ಟಿರಲಿಲ್ಲವೆಂದೂ ಆಮೇಲೆ ತಿಳಿಯಿತು. ಗಡಿಯಾರದ ಬದಲಾವಣೆಯನ್ನು ಅವರಿಗೆ ವಿವರಿಸಿದಾಗ, ‘ಹೊತ್ತನ್ನೂ ಹಿಂದಕ್ಕೆ ಇಡುತ್ತಾರೆಯೇ?’ ಎಂದು ಕೇಳಿದರು. ಅಂದಿನಿಂದ ನಮ್ಮ ವೇಳಾಪಟ್ಟಿಯಲ್ಲಿ ಮನೆಯವರ ಗಂಟೆಯನ್ನೂ ಬರೆಯತೊಡಗಿದೆವು.

ವಿ. ಕೃ. ಗೋಕಾಕರು ೧೯೩೬ರಿಂದ ೧೯೩೮ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದಾಗ ಹಡಗಿನಲ್ಲಿ ಹೋಗಿ ಬರಬೇಕಾಗಿದ್ದಿತು. ಊರಿಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದುವು. ಅಂದಿನ ವಿದ್ಯಾರ್ಥಿಗೆ ಏಕಾಂತದ ನೋವು ಹೆಚ್ಚಾಗಿದ್ದಿತು; ಆದರೆ ಅವನ ದಿನ ಇಡಿಯಾಗಿದ್ದಿತು. ಇಂದಿನವನ ಜೇಬಿನಲ್ಲಿಯೇ ಮನೆಯಿದೆ. ಮನೆಯ ಬೆಳಗು ಅವನ ರಾತ್ರಿ. ಅಲ್ಲಿ ಎಲ್ಲರೂ ಎಚ್ಚೆತ್ತು ಸಂದೇಶ ಕಳುಹಿಸುವ ಹೊತ್ತಿಗೆ ಇಲ್ಲಿ ಇವನು ಮಲಗಬೇಕು. ದೀಪಾವಳಿ ಅಕ್ಟೋಬರ್ ನವೆಂಬರುಗಳಲ್ಲಿ ಬಂದಾಗ ಅಲ್ಲಿ ನಡುವಣ ಪರೀಕ್ಷೆಗಳ ಕಾಲ. ಹಬ್ಬವನ್ನು ಪರದೆಯಲ್ಲಿ ನೋಡುತ್ತ ರಾತ್ರಿ ಎರಡರವರೆಗೆ ಕುಳಿತವನು ಬೆಳಗಿನ ಪರೀಕ್ಷೆಗೆ ಯಾವ ಮನಸ್ಸಿನಿಂದ ಹೋದಾನು? ಮನೆಯೊಡನೆ ಮಾತು ಬೇಡವೆಂದು ಹೇಳುವಷ್ಟು ಕಠಿಣರು ನಾವಲ್ಲ. ವಾರದಲ್ಲಿ ಎರಡೋ ಮೂರೋ ನಿಶ್ಚಿತ ವೇಳೆಗಳನ್ನು ಗೊತ್ತುಮಾಡಿ, ಆ ವೇಳೆಯಲ್ಲಿ ಪುಸ್ತಕವನ್ನು ಮುಚ್ಚಿ ತುಂಬುಮನಸ್ಸಿನಿಂದ ಮಾತನಾಡಬೇಕು. ಉಳಿದ ರಾತ್ರಿಗಳಲ್ಲಿ ಫೋನನ್ನು ಹಾಸಿಗೆಯಿಂದ ದೂರ ಇಡಬೇಕು. ತಂದೆತಾಯಿಗಳಿಗೂ ಈ ಏರ್ಪಾಟನ್ನು ಹೊರಡುವ ಮುನ್ನವೇ ತಿಳಿಸಿದರೆ ಯಾರಿಗೂ ನೋವಾಗುವುದಿಲ್ಲ.

೬. ನಿಯಮದ ಅಂಕುಶ

ಸ್ವದೇಶದಲ್ಲಿ ಕಾಲದ ಲೆಕ್ಕ ತಪ್ಪಿದರೆ ಒಂದು ವರ್ಷ ನಷ್ಟವಾಗಬಹುದು. ಪರದೇಶದಲ್ಲಿ ಅಲ್ಲಿರುವ ಹಕ್ಕೇ ಹೋಗಬಹುದು. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾ ಪಡೆದು ಪದವಿ ತರಗತಿಯಲ್ಲಿ ಓದುವವರು ಸೆಮೆಸ್ಟರಿಗೆ ಕನಿಷ್ಠ ಹನ್ನೆರಡು ಕ್ರೆಡಿಟ್ಟುಗಳನ್ನು ತೆಗೆದುಕೊಂಡಿರಲೇಬೇಕು. ಪಾಠಗಳು ನಡೆಯುವ ಕಾಲದಲ್ಲಿ ಕಾಲೇಜಿನ ಆವರಣದೊಳಗಣ ದುಡಿಮೆ ವಾರಕ್ಕೆ ಇಪ್ಪತ್ತು ಗಂಟೆಗಳನ್ನು ಮೀರುವಂತಿಲ್ಲ. ಬ್ರಿಟನ್ನಿನಲ್ಲಿಯೂ ಪದವಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳೇ ಮಿತಿ. ಕೆನಡಾದಲ್ಲಿ ೨೦೨೪ರ ನವೆಂಬರಿನಿಂದ ಆವರಣದ ಹೊರಗಿನ ದುಡಿಮೆಗೆ ವಾರಕ್ಕೆ ೨೪ ಗಂಟೆ, ಆಸ್ಟ್ರೇಲಿಯದಲ್ಲಿ ೨೦೨೩ರ ಜುಲೈಯಿಂದ ಹದಿನೈದು ದಿನಕ್ಕೆ ೪೮ ಗಂಟೆ, ಜರ್ಮನಿಯಲ್ಲಿ ೨೦೨೪ರ ಮಾರ್ಚಿನಿಂದ ವರ್ಷಕ್ಕೆ ೧೪೦ ಪೂರ್ಣ ದಿನಗಳು ಎಂದು ಗೊತ್ತುಮಾಡಿದ್ದಾರೆ. ಸಾಲ ತೀರಿಸುವ ಆತುರದಲ್ಲಿ ಈ ಮೇರೆಯನ್ನು ಗುಟ್ಟಾಗಿ ದಾಟುವವರು ಓದಿನ ಗಂಟೆಗಳನ್ನು ಕಳೆದುಕೊಳ್ಳುವುದು ಮಾತ್ರವಲ್ಲ, ಸಾಲ ತಂದುಕೊಟ್ಟ ಅವಕಾಶವನ್ನೇ ಪಣಕ್ಕೆ ಒಡ್ಡುತ್ತಾರೆ.

ನಾವು ಬಲ್ಲ ವಿದ್ಯಾರ್ಥಿಯೊಬ್ಬನು ಮೊದಲನೆಯ ಸೆಮೆಸ್ಟರಿನಲ್ಲಿ ಹಿಂದೆ ಬಿದ್ದನು. ಎರಡು ಪ್ರಬಂಧಗಳು ತಡವಾದುವು. ಮೂರನೆಯದನ್ನು ಕೊಡುವ ಧೈರ್ಯವಾಗಲಿಲ್ಲ. ಅಧ್ಯಾಪಕರ ಪತ್ರಗಳನ್ನು ತೆರೆಯುವುದನ್ನು ಬಿಟ್ಟನು. ಮನೆಯವರಿಗೆ ಪ್ರತಿ ವಾರವೂ ‘ಎಲ್ಲ ಚೆನ್ನಾಗಿದೆ’ ಎಂದು ಹೇಳುತ್ತಿದ್ದನು. ಕೊನೆಗೆ ಒಂದು ವಿಷಯವನ್ನು ಯಾರನ್ನೂ ಕೇಳದೆ ಕೈಬಿಟ್ಟನು, ಕ್ರೆಡಿಟ್ಟುಗಳು ಹನ್ನೆರಡಕ್ಕಿಂತ ಕಡಿಮೆಯಾದುವು, ಹಿಂದಿರುಗಬೇಕಾಯಿತು. ಅವನ ಕಥೆಯಲ್ಲಿ ಎಲ್ಲಕ್ಕಿಂತ ದುಃಖಕರವಾದ ಸಂಗತಿಯೆಂದರೆ ಇದು: ಆಂಗ್ಲ ಭಾಷೆಯ ಅಥವಾ ಓದಿನ ಆರಂಭದ ತೊಡಕು, ಅಮೆರಿಕದ ಬೋಧನಾಕ್ರಮದ ಅಪರಿಚಯ, ತಕ್ಕುದಲ್ಲದ ತರಗತಿಗೆ ಸೇರಿದ್ದು ಇವುಗಳನ್ನು ಆ ದೇಶದ ನಿಯಮಗಳೇ ನ್ಯಾಯವಾದ ಕಾರಣಗಳೆಂದು ಒಪ್ಪುತ್ತವೆ. ಕಾಲೇಜಿನ ನಿಯುಕ್ತ ಅಧಿಕಾರಿಯಿಂದ ಮುಂಚಿತವಾಗಿ ಅನುಮತಿ ಪಡೆದಿದ್ದರೆ, ಆ ಒಂದು ಅವಧಿಗೆ ಅರ್ಧದಷ್ಟು ಕ್ರೆಡಿಟ್ಟುಗಳಿಗೆ ಇಳಿಸಿಕೊಳ್ಳಲು ಅವನಿಗೆ ಅವಕಾಶವಿದ್ದಿತು. ಬಾಗಿಲು ತೆರೆದೇ ಇದ್ದಿತು. ನಾಚಿಕೆಯಿಂದ ಅವನು ತಟ್ಟಲಿಲ್ಲ. ಕಾಲದ ಲೆಕ್ಕ ತಪ್ಪಿದುದಕ್ಕಿಂತ, ತಪ್ಪಿತೆಂದು ಹೇಳಲಾರದೆ ಹೋದದ್ದೇ ಅವನನ್ನು ಕೆಡಿಸಿತು.

೭. ಅಭ್ಯಾಸಕ್ರಮ

ಮೇಲಿನ ವಿವೇಚನೆಯಿಂದ ಹೊರಡುವ ಕೆಲವು ಕ್ರಮಗಳನ್ನು ಸಂಗ್ರಹವಾಗಿ ಹೇಳಬಹುದು.

ಮೊದಲನೆಯದು, ಪ್ರತಿ ವಿಷಯದ ಮೊದಲ ತರಗತಿಯಲ್ಲಿ ಕೊಡುವ ಪಾಠಪಟ್ಟಿಯನ್ನು ಒಪ್ಪಂದ ಪತ್ರದಂತೆ ಓದುವುದು. ಅದರಲ್ಲಿ ಎಲ್ಲ ಗಡುವುಗಳೂ, ಪ್ರತಿಯೊಂದರ ಅಂಕಭಾಗವೂ, ತಡವಾದರೆ ಆಗುವ ಕಡಿತವೂ ಇರುತ್ತವೆ. ಎಲ್ಲ ವಿಷಯಗಳ ಗಡುವುಗಳನ್ನೂ ಒಂದೇ ಹಾಳೆಯಲ್ಲಿ ವಾರವಾರವಾಗಿ ಬರೆದರೆ, ಯಾವ ವಾರದಲ್ಲಿ ಮೂರು ಕೆಲಸಗಳು ಒಟ್ಟಿಗೆ ಬಂದು ಬೀಳುವುವೆಂಬುದು ಆಗಸ್ಟ್ ತಿಂಗಳಿನಲ್ಲಿಯೇ ಕಾಣುತ್ತದೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸಃ’ ಎಂಬ ಮಾತಿಗೆ ಗುರಿಯಾಗದಿರಲು ಇದೊಂದೇ ಉಪಾಯ.

ಎರಡನೆಯದು, ಗಡುವಿನಿಂದ ಹಿಂದಕ್ಕೆ ಎಣಿಸುವುದು. ಪ್ರಬಂಧ ನವೆಂಬರ್ ೨೦ಕ್ಕೆ ಬೇಕಾಗಿದ್ದರೆ, ತಿದ್ದುವುದಕ್ಕೆ ಮೂರು ದಿನ, ಬರೆಯುವುದಕ್ಕೆ ಒಂದು ವಾರ, ಓದುವುದಕ್ಕೆ ಎರಡು ವಾರ ಎಂದು ಹಿಂದೆ ಹಿಂದೆ ಸರಿದರೆ, ಕೆಲಸ ಆರಂಭವಾಗಬೇಕಾದುದು ಅಕ್ಟೋಬರಿನ ಕೊನೆಯ ವಾರದಲ್ಲಿ ಎಂದು ಗೊತ್ತಾಗುತ್ತದೆ. ಕೊಡುವ ದಿನವನ್ನು ಮಾತ್ರ ಬರೆದಿಟ್ಟುಕೊಂಡವನಿಗೆ ತೊಡಗುವ ದಿನ ಕಾಣುವುದಿಲ್ಲ.

ಮೂರನೆಯದು, ಅಧ್ಯಾಪಕರನ್ನು ಕಾಣುವ ಗಂಟೆಗಳನ್ನು ಬಳಸುವುದು. ಅಲ್ಲಿಯ ಪ್ರತಿಯೊಬ್ಬ ಅಧ್ಯಾಪಕರೂ ವಾರದಲ್ಲಿ ಕೆಲವು ಗಂಟೆಗಳನ್ನು ವಿದ್ಯಾರ್ಥಿಗಳಿಗಾಗಿಯೇ ಮೀಸಲಿಡುವುದು ವಾಡಿಕೆ. ಗುರುಗಳ ಕೊಠಡಿಗೆ ಹೋಗುವುದೆಂದರೆ ಅಜ್ಞಾನವನ್ನು ಒಪ್ಪಿಕೊಂಡಂತೆ ಎಂಬ ನಮ್ಮ ಸಂಕೋಚದಿಂದ ಈ ಗಂಟೆಗಳು ವ್ಯರ್ಥವಾಗುತ್ತವೆ. ಮೂರು ರಾತ್ರಿ ಒಬ್ಬಂಟಿಯಾಗಿ ಹೆಣಗಿದ ಲೆಕ್ಕ ಅಲ್ಲಿ ಹತ್ತು ನಿಮಿಷಗಳಲ್ಲಿ ಬಿಡಿಸಿಕೊಂಡೀತು.

ನಾಲ್ಕನೆಯದು, ಮನೆಗೆಲಸವನ್ನು ಹಂಚಿಕೊಳ್ಳುವುದು. ನಾಲ್ವರು ಕೂಡಿ ವಾಸಿಸಿ ಸರದಿಯಂತೆ ಅಡುಗೆ ಮಾಡಿದರೆ ಪ್ರತಿಯೊಬ್ಬನಿಗೂ ನಾಲ್ಕು ದಿನಗಳಲ್ಲಿ ಮೂರು ಸಂಜೆಗಳು ಉಳಿಯುತ್ತವೆ. ಇದಕ್ಕಿಂತ ಲಾಭಕರವಾದ ಕಾಲಸಂಗ್ರಹ ಬೇರೊಂದಿಲ್ಲ. ಆದರೆ ಸರದಿ ತಪ್ಪಿಸಿದವನಿಂದ ಹುಟ್ಟುವ ಜಗಳವೂ ಗಂಟೆಗಳನ್ನೇ ನುಂಗುತ್ತದೆಂಬುದನ್ನು ಅನುಭವಿಗಳು ಬಲ್ಲರು.

ಐದನೆಯದು, ನಿದ್ರೆಯನ್ನು ಉಳಿತಾಯದ ಮೂಲವೆಂದು ಎಣಿಸದಿರುವುದು. ನಿದ್ರೆಯಿಂದ ಕಡಮಾಡಿ ತಂದ ಗಂಟೆಗೆ ಬಡ್ಡಿ ಹೆಚ್ಚು. ಅದನ್ನು ಮಾರನೆಯ ದಿನವೇ ಗಮನದ ಕೊರತೆಯ ರೂಪದಲ್ಲಿ ತೆರಬೇಕಾಗುತ್ತದೆ.

ಇಲ್ಲಿಯ ಅಧ್ಯಾಪಕರಾದ ನಮಗೂ ಒಂದು ಹೊಣೆಯುಂಟು. ಕಾಲದ ವಿನಿಯೋಗವನ್ನು ಪರದೇಶ ಕಲಿಸಲಿ ಎಂದು ಬಿಡುವುದು ನ್ಯಾಯವಲ್ಲ. ಪದವಿಯ ಕೊನೆಯ ವರ್ಷದಲ್ಲಿಯಾದರೂ ಒಂದು ದೀರ್ಘ ಪ್ರಬಂಧವನ್ನು ಹಂತಹಂತವಾಗಿ, ಗೊತ್ತಾದ ದಿನಗಳಿಗೆ ಸರಿಯಾಗಿ ಬರೆಯಿಸಿ, ಪ್ರತಿ ಹಂತಕ್ಕೂ ಹಿಡಿದ ಕಾಲವನ್ನು ವಿದ್ಯಾರ್ಥಿಯಿಂದಲೇ ಗುರುತು ಹಾಕಿಸಬಹುದು. ವಾರದಲ್ಲಿ ಒಂದು ಗಂಟೆ ನಮ್ಮ ಕೊಠಡಿಯ ಬಾಗಿಲನ್ನು ತೆರೆದಿಟ್ಟು, ಬಂದವರನ್ನು ಕೂರಿಸಿ ಮಾತನಾಡಬಹುದು. ಇಲ್ಲಿ ಗುರುವಿನ ಬಾಗಿಲು ತಟ್ಟಲು ಕಲಿತವನು ಅಲ್ಲಿಯೂ ತಟ್ಟುತ್ತಾನೆ. ಇವೆರಡಕ್ಕೂ ಹಣ ಬೇಕಾಗಿಲ್ಲ. ಯಾವ ಆಜ್ಞೆಯೂ ಬೇಕಾಗಿಲ್ಲ.

೮. ಲೆಕ್ಕಕ್ಕೆ ಸಿಕ್ಕದ ಹೊತ್ತು

ಮುಗಿಸುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಬೇಕು. ಇಷ್ಟೆಲ್ಲ ಲೆಕ್ಕವನ್ನು ಓದಿದ ವಿದ್ಯಾರ್ಥಿ, ಗಂಟೆಗಂಟೆಗೂ ಉಪಯೋಗವನ್ನು ಕೇಳುವ ಜಿಪುಣನಾಗಬಾರದು. ವೇಳಾಪಟ್ಟಿ ಕಾಲವನ್ನು ಸೆರೆಹಿಡಿಯುವುದಕ್ಕಾಗಿ ಅಲ್ಲ; ಒಂದಿಷ್ಟು ಕಾಲವನ್ನು ನಿಶ್ಚಿಂತೆಯಿಂದ ಕಳೆಯಲು ಬಿಡುಗಡೆ ಮಾಡುವುದಕ್ಕಾಗಿ. ಯು. ಆರ್. ಅನಂತಮೂರ್ತಿಯವರು ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ೧೯೬೬ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ದಿನಗಳಲ್ಲಿ ತಮ್ಮ ಮಾರ್ಗದರ್ಶಕರಾದ ಮ್ಯಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ಚಲನಚಿತ್ರವೊಂದನ್ನು ನೋಡಿದ್ದು ‘ಸಂಸ್ಕಾರ’ ಕಾದಂಬರಿಗೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪ್ರೌಢಪ್ರಬಂಧದ ಗಡುವಿನ ನಡುವೆ ಚಿತ್ರ ನೋಡಲು ಹೋದ ಆ ಹೊತ್ತನ್ನು ಯಾವ ಕ್ರೆಡಿಟ್ಟಿನ ಲೆಕ್ಕದಲ್ಲಿ ಬರೆಯಬೇಕು? ೧೯೬೫ರಲ್ಲಿ ಹೊರಬಂದ ಆ ಕಾದಂಬರಿಯನ್ನು ಇಂದೂ ಕನ್ನಡಿಗರು ಓದುತ್ತಿದ್ದಾರೆ. ಪ್ರೌಢಪ್ರಬಂಧವೂ ಮುಗಿಯಿತೆಂಬುದನ್ನು ಮಾತ್ರ ಇದರ ಜೊತೆಯಲ್ಲಿಯೇ ನೆನೆಯಬೇಕು.

ನಿಯಮಿತವಾದ ವೇಳೆ, ನಿಯಮಕ್ಕೆ ಸಿಕ್ಕದ ಹೊತ್ತು, ಇವೆರಡೂ ವಿದ್ಯಾರ್ಥಿಗೆ ಬೇಕು. ಮೊದಲನೆಯದನ್ನು ಸರಿಯಾಗಿ ಇಟ್ಟುಕೊಂಡವನಿಗೆ ಎರಡನೆಯದು ಉಳಿಯುತ್ತದೆ. ಈ ವರ್ಷ ಹೊರಡಲಿರುವ ನಮ್ಮ ವಿದ್ಯಾರ್ಥಿ ವಿದ್ಯಾರ್ಥಿನಿಯರು ತಮ್ಮ ಪೆಟ್ಟಿಗೆಯಲ್ಲಿ ಒಂದು ಸಣ್ಣ ದಿನಚರಿ ಪುಸ್ತಕವನ್ನು ಇಟ್ಟುಕೊಂಡು ಹೋಗಲಿ. ಅದರಲ್ಲಿ ಅಲ್ಲಿಯ ಗಂಟೆಯ ಪಕ್ಕದಲ್ಲಿ ಮನೆಯ ಗಂಟೆಯನ್ನೂ ಬರೆಯಲಿ. ಲೆಕ್ಕ ತಪ್ಪಿದ ದಿನ ಯಾರಿಗಾದರೂ ಹೇಳಲಿ ಎಂಬುದೇ ನಮ್ಮ ಕೋರಿಕೆ.